ಸಮಾಜದ ಮಿಸ್ ಕಟ್ಟಿದ ಮಂತ್ರಿಮಂಡಲ

ಎರಡು ದಿನದಿಂದ ಬಾಯಿ ಮುಚ್ಚಿಕೊಂಡಿದ್ದ ಅಡುಗೆಮನೆಯ ನಲ್ಲಿ ಮೊನ್ನೆ ಬೆಳಗ್ಗೆ ಬುಸ್ ಎಂದಿತು, ಕೆಮ್ಮಿತು, ಆಮೇಲೆ ಒಂದಿಷ್ಟು ಕೆಂಪು ನೀರು ಕಕ್ಕಿತು. ತುಕ್ಕು ಹಿಡಿದ ಪೈಪಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಹದೇವಪುರದ ನಮ್ಮ ಮೂರನೇ ಮಹಡಿಯ ಮನೆ ಮರೆತೇಹೋಯಿತು. ಕೆ.ಆರ್. ಪುರದ ಸರ್ಕಾರಿ ಶಾಲೆಯ ಅಂಗಳ, ಗೇಟಿನ ಪಕ್ಕದ ನಲ್ಲಿ, ಅದರ ಮುಂದೆ ಎರಡು ಜಡೆ ಹಾಕಿಕೊಂಡು ನಿಂತ ನಾನು… ಆ ಶಾಲೆಯಲ್ಲಿ ನಾನು ಒಂದು ವರ್ಷ ಮಂತ್ರಿಯಾಗಿದ್ದೆ. ನಗಬೇಡಿ, ಪ್ರಮಾಣವಚನ ತೆಗೆದುಕೊಂಡ ಮಂತ್ರಿ!

ಶಾಲಾ ಮಂತ್ರಿಮಂಡಲ ಎಂಬುದು ಆಗ ಸುತ್ತಮುತ್ತಲಿನ ಎಲ್ಲ ಶಾಲೆಗಳಲ್ಲೂ ಇತ್ತು. ಜೂನ್ ತಿಂಗಳಲ್ಲಿ ಚುನಾವಣೆ, ಎದೆಗೊಂದು ರಟ್ಟಿನ ಬಿಲ್ಲೆ, ಸ್ವಾತಂತ್ರ್ಯ ದಿನಾಚರಣೆಗೆ ಸಾಲಾಗಿ ನಿಲ್ಲುವುದು, ಅಲ್ಲಿಗೆ ಸರ್ಕಾರ ಮುಗಿಯಿತು. ನಮ್ಮಲ್ಲಿ ಮಾತ್ರ ಹಾಗಾಗಲು ಸಮಾಜದ ಮಿಸ್ ಬಿಡುತ್ತಿರಲಿಲ್ಲ. ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದುದರಿಂದ ಅವರು ಸಮಾಜದ ಮಿಸ್. ದಿನಾ ಶಿವಾಜಿನಗರದಿಂದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದರು. ಆದರೂ ಗಂಜಿ ಹಾಕಿದ ಸೀರೆಯ ನೆರಿಗೆ ಒಂದೂ ಕದಲಿರುತ್ತಿರಲಿಲ್ಲ. ಮನೆಮಾತು ತಮಿಳು. ಪಾಠ ಕನ್ನಡದಲ್ಲಿ, ಬೈಗುಳ ತಮಿಳಿನಲ್ಲಿ. ಅವರ ದಯೆಯಿಂದ ನಮಗೆಲ್ಲ ಅಷ್ಟಿಷ್ಟು ತಮಿಳು ಬಂತು.

ನಾನು ನೀರಿನ ಮಂತ್ರಿ. ಮನೆಯಲ್ಲಿ ಹೇಳಿದಾಗ ಅಮ್ಮ, "ಹಂಡೆ ತುಂಬ್ಸು ಅಂದ್ರೆ ಮೂತಿ ತಿರುಗಿಸ್ತೀಯ, ನೀನು ನೀರಿನ ಮಂತ್ರಿಯಂತೆ!" ಎಂದು ನಕ್ಕಿದ್ದಳು. ಮಿಸ್ ನಗಲಿಲ್ಲ. ಹೊಂಗೆ ಮರದ ಕೆಳಗೆ ನಿಲ್ಲಿಸಿ, ನಿಜವಾದ ಮಂತ್ರಿಗಳಂತೆಯೇ ಪ್ರಮಾಣವಚನ ಹೇಳಿಸಿದರು. ಹೆಡ್ ಮೇಷ್ಟ್ರನ್ನು ರಾಜ್ಯಪಾಲರನ್ನಾಗಿ ಮಾಡಿಟ್ಟಿದ್ದರು. ನಮ್ಮ ಆದೇಶಗಳೆಲ್ಲ ಅವರ ಹೆಸರಿನಲ್ಲೇ ಹೊರಡಬೇಕು. ಹೆಸರು ಅವರದು, ತೀರ್ಮಾನ ನಮ್ಮದು, ಎಡವಟ್ಟಾದರೆ ಬೈಸಿಕೊಳ್ಳುವುದೂ ನಮ್ಮದೇ. ಹೆಡ್ ಮೇಷ್ಟ್ರಿಗೆ ಈ ಏರ್ಪಾಡು ಬಹಳ ಹಿಡಿಸಿತ್ತು.

ಅಧಿಕಾರ ಬಂದ ವಾರದಲ್ಲೇ ನಾನು, ನನಗಾಗದ ಒಬ್ಬ ಹುಡುಗನನ್ನು ಕ್ಲಾಸ್ ಲೀಡರ್ ಕೆಲಸದಿಂದ ತೆಗೆದುಹಾಕಲು ಹೊರಟೆ. ಮಂತ್ರಿ ಎಂದ ಮೇಲೆ ಅಷ್ಟೂ ಮಾಡಬಾರದೇ! ಮಿಸ್ ಕರೆದು ಹೇಳಿದರು: "ನಿನ್ನ ಅಧಿಕಾರ ನಲ್ಲಿ ಹತ್ರ ಶುರುವಾಗಿ ತೊಟ್ಟಿ ಹತ್ರ ಮುಗಿಯುತ್ತೆ. ಆಚೆ ಕಾಲಿಟ್ರೆ ನೀನು ಬರೀ ಎಂಟನೇ ಕ್ಲಾಸ್ ಹುಡುಗಿ."

ಶನಿವಾರ ಅರ್ಧ ದಿನದ ತರಗತಿ ಮುಗಿದ ಮೇಲೆ ಸಭೆ. ಯಾರು ಬೇಕಾದರೂ ಯಾವ ಮಂತ್ರಿಯನ್ನಾದರೂ ಪ್ರಶ್ನೆ ಕೇಳಬಹುದಿತ್ತು. ಒಮ್ಮೆ ನನ್ನ ಕೈಕೆಳಗಿನ ಹುಡುಗನೊಬ್ಬ ತೊಟ್ಟಿಯ ನಲ್ಲಿ ನಿಲ್ಲಿಸುವುದನ್ನು ಮರೆತು, ನೀರೆಲ್ಲ ಹರಿದುಹೋಗಿ ತೊಟ್ಟಿ ಪೂರ್ತಿ ಬರಿದಾಗಿತ್ತು. ಸಭೆಯಲ್ಲಿ ಮಕ್ಕಳು ಯಾಕೆಂದು ಕೇಳಿದರು. ನಾನು ಎದ್ದು ನಿಂತು, "ನಾನಲ್ಲ, ಅವನು" ಎಂದೆ.

"ನಲ್ಲಿ ಬಿಟ್ಟೋರು ಯಾರು ಅಂತ ಯಾರೂ ಕೇಳ್ಲಿಲ್ಲ" ಎಂದರು ಮಿಸ್. "ಮಂತ್ರಿ ಯಾರು? ನೀನು. ಅವನನ್ನ ನೀನು ಕೇಳ್ಕೋ. ಇವರಿಗೆ ಉತ್ತರ ಮಾತ್ರ ನೀನೇ ಹೇಳ್ಬೇಕು."

ಮಾಡದ ತಪ್ಪಿಗೆ ಉತ್ತರ ಹೇಳುವುದೆಂದರೆ ಯಾವ ನ್ಯಾಯ ಎಂದು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಮಿಸ್ ಸಮಾಧಾನ ಮಾಡಲು ಬರಲಿಲ್ಲ. ಆಮೇಲೆ ನಾನೇ ಅಭ್ಯಾಸ ಮಾಡಿಕೊಂಡೆ. ಗೊತ್ತಿದ್ದರೆ ಹೇಳುವುದು, ಗೊತ್ತಿಲ್ಲದಿದ್ದರೆ "ತಿಳ್ಕೊಂಡು ಹೇಳ್ತೀನಿ" ಎನ್ನುವುದು, ಮುಂದಿನ ಶನಿವಾರ ಮರೆಯದೆ ಹೇಳುವುದು. ಖುಷಿಯ ದಿನಗಳವು…

ಆ ಬೇಸಿಗೆಯಲ್ಲಿ ಶಾಲೆಯ ಪೈಪು ಒಣಗಿತು. ನಮ್ಮಂಥ ಹಳೇ ಊರಿನ ಮಕ್ಕಳು ಮನೆಯಿಂದ ಬಾಟಲಿ ತರುತ್ತಿದ್ದೆವು. ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಶಾಲೆಯ ಹಿಂದಿನ ಶೆಡ್ಡುಗಳಲ್ಲಿದ್ದರು. ಅಲ್ಲಿ ನಲ್ಲಿಯೇ ಇರಲಿಲ್ಲ. ಅವರು ನೀರು ಕುಡಿಯುತ್ತಿದ್ದದ್ದು ಶಾಲೆಯಲ್ಲೇ. ಶನಿವಾರದ ಸಭೆಯಲ್ಲಿ ಅವರು ಮತ್ತೆ ಮತ್ತೆ ಕೇಳಿದರು, "ನೀರ್ ಯಾವಾಗ ಬರ್ತಾವ?" ನಾನು ತಿಳಿದುಕೊಂಡು ಹೇಳುತ್ತೇನೆ ಎಂದೆ. ಹೆಡ್ ಮೇಷ್ಟ್ರು ಮೇಲಿನವರಿಗೆ ಎಷ್ಟು ಸಲ ಹೇಳಿದರೂ ಏನೂ ಆಗಲಿಲ್ಲ. ನನಗೆ ನಾಚಿಕೆಯಾಗತೊಡಗಿತು.

ಅಷ್ಟರಲ್ಲಿ ಹೊಸ ಕೊಠಡಿಗಳ ಉದ್ಘಾಟನೆಗೆ ನಿಜವಾದ ಮಂತ್ರಿಗಳೇ ಬಂದರು. ಕಾರು ಬರುವಾಗ ದೂಳೇಳಬಾರದೆಂದು ಬೆಳಗ್ಗೆ ಟ್ಯಾಂಕರಿನಲ್ಲಿ ನೀರು ತರಿಸಿ ಅಂಗಳಕ್ಕೆ ಚಿಮುಕಿಸಿದರು. ಶೆಡ್ಡಿನ ಮಕ್ಕಳು ನೋಡುತ್ತಾ ನಿಂತಿದ್ದರು. ಮಂತ್ರಿಗಳಿಗೆ ಹೂಗುಚ್ಛ ಕೊಡುವ ಕೆಲಸ ನನ್ನದು. ಕೊಟ್ಟೆ. ಕೊಟ್ಟು ಕೆಳಗಿಳಿಯಬೇಕಿತ್ತು. ಅಲ್ಲೇ ನಿಂತು ಕೇಳಿಬಿಟ್ಟೆ:

"ಸಾರ್, ನಮ್ಮ ಸ್ಕೂಲಿಗೆ ನೀರು ಯಾವಾಗ ಬರುತ್ತೆ?"

ಅವರು ನಕ್ಕು ಪಕ್ಕದ ಅಧಿಕಾರಿಯ ಕಡೆ ತಿರುಗಿದರು. "ಏನ್ರೀ, ಮಗು ಕೇಳ್ತಿದೆ, ಹೇಳ್ರೀ."

"ಅವ್ರಲ್ಲ ಸಾರ್, ನೀವು ಹೇಳ್ಬೇಕು" ಎಂದೆ. "ಮಂತ್ರಿ ನೀವು."

ಮೈಕು ಹತ್ತಿರವೇ ಇತ್ತು. ನನ್ನ ಕೀರಲು ದನಿ ಶಾಮಿಯಾನದ ಕಡೆಯ ಸಾಲಿನವರೆಗೂ ಹೋಯಿತು. ಸತ್ಯವಾಗಿ ಹೇಳುತ್ತೇನೆ, ನನಗೆ ಧಿಮಾಕಿರಲಿಲ್ಲ. ಮಂತ್ರಿಗಳೆಂದರೆ ಉತ್ತರ ತಾವೇ ಹೇಳುತ್ತಾರೆ, ಈ ಮನುಷ್ಯ ಯಾಕೋ ಮರೆತಿದ್ದಾರೆ ಎಂದುಕೊಂಡಿದ್ದೆ. ಅವರು ಮತ್ತೆ ನನ್ನ ಕಡೆ ತಿರುಗಿದರು. "ಗೊತ್ತಿಲ್ಲಮ್ಮ. ತಿಳ್ಕೊಂಡು ಹೇಳ್ತೀನಿ" ಎಂದರು. ನನಗೆ ಪೂರ್ತಿ ಸಮಾಧಾನವಾಯಿತು. ನಾನೂ ಅದನ್ನೇ ತಾನೇ ಹೇಳುತ್ತಿದ್ದದ್ದು! ಮಿಸ್ ಕಡೆ ನೋಡಿದರೆ ಅವರು ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದರು.

ಮಾರನೆಯ ದಿನದಿಂದ ಒಂದೇ ಮಾತು: ಎತ್ತಂಗಡಿ. ಮಗುವಿಗೆ ಯಾರು ಹೇಳಿಕೊಟ್ಟರು ಎಂದು ಮಂತ್ರಿಗಳ ಕಡೆಯವರು ವಿಚಾರಿಸುತ್ತಿದ್ದಾರಂತೆ, ಸಮಾಜದ ಮಿಸ್ಸಿಗೆ ಇನ್ನು ರಾಯಚೂರೇ ಗತಿಯಂತೆ. ಅದನ್ನು ಕೇಳಿ ಶೆಡ್ಡಿನ ಹುಡುಗಿಯೊಬ್ಬಳು ಹಿಗ್ಗಿಹೋದಳು. "ನಮ್ಮೂರ್ ಕಡೆ ಬರ್ತೀರೇನ್ರಿ ಮಿಸ್? ಬರ್ರಿ, ಛಲೋ ಐತಿ." ಮಿಸ್ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ನನ್ನಿಂದಾಗಿ ಮಿಸ್ ಹೋಗುತ್ತಾರೆ ಎಂಬ ಭಯಕ್ಕೆ ಬುತ್ತಿಯನ್ನು ಮುಟ್ಟದೆ ಮನೆಗೆ ವಾಪಸ್ ಒಯ್ಯುತ್ತಿದ್ದೆ. ಕಡೆಗೆ ಅವರನ್ನೇ ಕೇಳಿದೆ, ಮಂತ್ರಿಗಳಿಗೆ ಅಷ್ಟು ಅಧಿಕಾರ ಇದೆಯಾ ಎಂದು.

"ಇದೆ" ಎಂದರು. "ಆದ್ರೆ ಯಾಕೆ ಕಳಿಸಿದ್ರಿ ಅಂತ ಯಾರಾದ್ರೂ ಕೇಳಿದ್ರೆ ಕಾರಣ ಹೇಳ್ಬೇಕಲ್ಲ. ಮಗು ನೀರು ಕೇಳ್ತು ಅಂತ ಫೈಲಲ್ಲಿ ಬರೆಯೋಕೆ ಯಾರಿಗೂ ಧೈರ್ಯ ಬರಲ್ಲ. ಹೋಗು, ಊಟ ಮಾಡು."

ಹೆಡ್ ಮೇಷ್ಟ್ರು ಅವರನ್ನು ಕೋಣೆಗೆ ಕರೆಸಿದರು, ಬಾಗಿಲು ಮುಚ್ಚಿತು. ಮಿಸ್ ಹೊರಬಂದಾಗ ನೆರಿಗೆ ಹಾಗೆಯೇ ಇತ್ತು, ಮುಖವೂ ಹಾಗೆಯೇ. ಮಾರನೆಯ ದಿನ ಅವರು ಶಾಲೆಗೆ ಬರಲಿಲ್ಲ, ಹಲ್ಲುನೋವು ಎಂದರು. ಆಮೇಲೆ ಏನೂ ಆಗಲಿಲ್ಲ. ವರ್ಗಾವಣೆಯ ಆದೇಶ ಬರಲೇ ಇಲ್ಲ. ನೀರು ಬಂತು. ಮಂತ್ರಿಗಳು ಕಳಿಸಿದರೋ, ಅದಾಗಿಯೇ ಬಂತೋ… ಮೊದಲು ಕೆಂಪು, ಆಮೇಲೆ ತಿಳಿ. ಶೆಡ್ಡಿನ ಮಕ್ಕಳು ಹೊಟ್ಟೆ ತುಂಬ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡರು. ಮಿಸ್ ಬೈಯಲಿಲ್ಲ.

ಶಾಲೆ ಬಿಟ್ಟ ಮೇಲೂ ವರ್ಷಕ್ಕೊಮ್ಮೆ ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಆ ಉದ್ಘಾಟನೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹೋದ ವರ್ಷ ಮಿಸ್ ತೀರಿಕೊಂಡರು. ಉತ್ತರಕ್ರಿಯೆಯ ದಿನ ಶಿವಾಜಿನಗರದ ಆ ಇಕ್ಕಟ್ಟಾದ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದರಲ್ಲಿ ನಮ್ಮ ಹೆಡ್ ಮೇಷ್ಟ್ರು ಕೂತಿದ್ದರು, ಮುದುಕರಾಗಿ. ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಈಗ ಹೇಳ್ಬಹುದು ಬಿಡಮ್ಮ" ಎಂದರು. "ಅವತ್ತು ನಿನ್ನ ಟಿಸಿ ಕೊಟ್ಟು ಕಳಿಸಿ ಅಂತ ಮಂತ್ರಿಗಳ ಕಡೆಯವರು ನನ್ನ ಕುತ್ತಿಗೆ ಮೇಲೆ ಕೂತಿದ್ರು. ಕೊಡೋಣ ಅಂತಾನೇ ಇದ್ದೆ. ನಿಮ್ಮ ಮಿಸ್ ಬಿಡ್ಲಿಲ್ಲ. ಆ ಹುಡುಗಿ ನನ್ನ ಇಲಾಖೆ ಸಾರ್, ಉತ್ತರ ನಾನು ಹೇಳ್ಕೊಂಡು ಬರ್ತೀನಿ ಅಂದ್ರು. ಮಾರನೇ ದಿನ ರಜೆ ಹಾಕಿ ಮಂತ್ರಿಗಳ ಮನೆ ಬಾಗಿಲಲ್ಲಿ ಸಂಜೆ ತನಕ ನಿಂತಿದ್ರು. ಒಳಗೆ ಏನು ಮಾತಾಯ್ತೋ, ನನಗೂ ಹೇಳ್ಲಿಲ್ಲ. ಒಂದೇ ಹೇಳಿದ್ದು. ಇದು ಅವಳಿಗೆ ಗೊತ್ತಾಗ್ಬಾರ್ದು ಸಾರ್, ಇನ್ನೊಂದ್ಸಲ ಕೇಳೋಕೆ ಹೆದರ್ತಾಳೆ ಅಂತ."

ಒಳಗೆ ಹೋಗಿ ಅವರ ಫೋಟೋಗೆ ಕೈ ಮುಗಿದೆ, ಅಳು ತಡೆಯಲಾಗಲಿಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಗನ ಶಾಲೆಯಲ್ಲಿ, ಎಲ್ಲಿ ಹೋದರೂ ಎದ್ದು ನಿಂತು ಪ್ರಶ್ನೆ ಕೇಳುವವಳು ನಾನೇ. ಗಟ್ಟಿಗಿತ್ತಿ ಎನ್ನುತ್ತಾರೆ ಜನ. ಇಷ್ಟು ವರ್ಷ ಆ ಧೈರ್ಯ ನನ್ನದೇ ಎಂದುಕೊಂಡಿದ್ದೆ.