ಗಾಳಿ ಆ ಕಡೆ ಹೋಗುತ್ತೆ

ನನ್ನ ಮೂಗಿನ ಬಗ್ಗೆ ನಾನೇ ಹೇಳಿಕೊಂಡರೆ ಜಂಬ ಅನ್ನುತ್ತಾರೆ. ಅನ್ನಲಿ. ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಯಾರ ಮನೆಯ ಹಾಲು ತಳ ಹಿಡಿದರೂ ಆ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸಿನ ಸೀರೆ ಎಷ್ಟು ದಿನದ ಮೇಲೆ ಬೀರುವಿನಿಂದ ಹೊರಗೆ ಬಂದಿದೆ ಎಂದು ಹೇಳಬಲ್ಲವಳಾಗಿದ್ದೆ. ಎಲ್ಲದಕ್ಕೂ ಮೂಗು ತೂರಿಸುತ್ತಾಳೆ ಎಂದು ನಮ್ಮ ಅತ್ತೆ ಬೈಯುತ್ತಿದ್ದರು. ಆ ಮೂಗೇ ನನಗೆ ಕೆಲಸ ಕೊಟ್ಟಿತು. ಬ್ಯಾಡರಹಳ್ಳಿಯ ಹತ್ತಿರ ಒಂದು ಸಣ್ಣ ಊದುಬತ್ತಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಾ ಬಂದಿದ್ದು ಇಷ್ಟೇ: ಸೆಂಟಿಗೆ ಅದ್ದಿ ಒಣಗಿಸಿದ ಕಡ್ಡಿಗಳು ಪೊಟ್ಟಣಕ್ಕೆ ಹೋಗುವ ಮುಂಚೆ ಪ್ರತಿ ಲಾಟಿನಿಂದಲೂ ಒಂದನ್ನು ಹಚ್ಚಿ, ಮೂಸಿ, "ಸರಿ" ಅಥವಾ "ಬೇಡ" ಅನ್ನುವುದು. ನಾನು ಬೇಡ ಅಂದಿದ್ದನ್ನು ಮಾಲೀಕರೂ ಸರಿ ಅನ್ನುತ್ತಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಜ್ವರ ಬಂತು. ನಾಲ್ಕು ದಿನ ಮಲಗಿದ್ದೆ, ಐದನೇ ದಿನ ಎದ್ದೆ. ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕಟ್ಟಿಕೊಂಡು ಹೋಯಿತು. ಕಾಫಿ ಬರೀ ಬಿಸಿನೀರಾಯಿತು. ಒಗ್ಗರಣೆ ಬರೀ ಸದ್ದಾಯಿತು. ದೇವರ ಮುಂದೆ ಊದುಬತ್ತಿ ಹಚ್ಚಿದರೆ ಹೊಗೆ ಏಳುವುದು ಕಾಣುತ್ತಿತ್ತು, ಅಷ್ಟೇ.

ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದುಕೊಂಡು ಹತ್ತು ದಿನ ಯಾರಿಗೂ ಹೇಳದೆ ಕೆಲಸಕ್ಕೆ ಹೋದೆ. ನನ್ನ ಸ್ಟೂಲಿನ ಮೇಲೆ ಕೂತು ಕಡ್ಡಿ ಹಚ್ಚುವುದು, ಹೊಗೆಯನ್ನು ನೋಡುವುದು, ತಲೆಯಾಡಿಸಿ "ಸರಿ" ಅನ್ನುವುದು. ಮಹಾ ಸುಳ್ಳಿ ನಾನು. ಹನ್ನೊಂದನೇ ದಿನ ಮಲ್ಲಿಗೆಯ ಪೊಟ್ಟಣದಲ್ಲಿ ಗಂಧದ ಕಡ್ಡಿ ಹೋಗಿದೆ ಎಂದು ಅಂಗಡಿಯವರೊಬ್ಬರು ಫೋನ್ ಮಾಡಿದರು. ಮಾಲೀಕರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ನನ್ನ ತಮ್ಮನಿಗಿಂತ ಚಿಕ್ಕವರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಬೈಯಲಿಲ್ಲ.

"ಆಂಟಿ, ಯುಗಾದಿ ತನಕ ಆ ಸ್ಟೂಲ್ ಮೇಲೆ ಯಾರನ್ನೂ ಕೂರ್ಸಲ್ಲ. ರಜಾ ತಗೊಳ್ಳಿ, ಗುಣ ಮಾಡ್ಕೊಳ್ಳಿ. ಆಮೇಲೂ ಬರ್ಲಿಲ್ಲ ಅಂದ್ರೆ ನಾನೂ ಏನ್ ಮಾಡ್ಲಿ, ನೀವೇ ಹೇಳಿ" ಅಂದರು.

ಮೂಗಿನ ಡಾಕ್ಟರು ನರ ಸೋತಿದೆ ಎಂದರು. ಬಂದರೂ ಬರಬಹುದು, ಬರದೆಯೂ ಇರಬಹುದು. ಧೂಳು, ಹೊಗೆ, ಮಸಾಲೆ ಪುಡಿ ಇಲ್ಲದ ಕಡೆ ಒಂದೆರಡು ತಿಂಗಳು ಇದ್ದು ಬನ್ನಿ, ದಿನವೂ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಈ ನಾಲ್ಕನ್ನು ಮನಸ್ಸಿಟ್ಟು ಮೂಸಿ, ಮೂಗಿಗೆ ಪಾಠ ಹೇಳಿಕೊಡಿ ಎಂದರು. ಅಂದರೆ ನನ್ನ ಮೂಗು ಮತ್ತೆ ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಮನೆಯಲ್ಲಿ ಮೇಷ್ಟ್ರಂತೂ ಇದ್ದರು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅರ್ಧ ಮಾರ್ಕನ್ನೂ ಬಿಟ್ಟಿಯಾಗಿ ಕೊಟ್ಟವರಲ್ಲ. ನನ್ನ ಸ್ವಂತ ತಂಗಿಯ ಮಗನನ್ನೇ ಒಂದು ಮಾರ್ಕಿಗೆ ಫೇಲ್ ಮಾಡಿ, ನನ್ನ ತವರಿನವರು ಎರಡು ವರ್ಷ ನಮ್ಮ ಹೊಸಿಲು ತುಳಿಯದ ಹಾಗೆ ಮಾಡಿದ ಪುಣ್ಯಾತ್ಮ. ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡಬೇಕು. ಅವರದು ದಿನವೂ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆತನ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಮಾರೇನಹಳ್ಳಿಯಲ್ಲಿ ತರಕಾರಿಗೆ ಹೋದರೆ ಮೀನಿನ ಅಂಗಡಿ ತಪ್ಪಿಸಲು ಒಂದು ಇಡೀ ಬೀದಿ ಸುತ್ತಿ ಬರುತ್ತಾರೆ. ಒಮ್ಮೆ ರೈಲಿನಲ್ಲಿ ಎದುರಿಗಿದ್ದವರು ಮೀನಿನ ಡಬ್ಬಿ ತೆರೆದಾಗ ಇವರು ಮುಂದಿನ ಸ್ಟೇಷನ್‌ವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು.

ಸಂಕ್ರಾಂತಿ ಮುಗಿಸಿಕೊಂಡು ಕುಂದಾಪುರದ ಆಚೆ, ಸಮುದ್ರದ ಎದುರಿನ ಒಂದು ಮನೆಯ ಮಹಡಿಗೆ ಹೋದೆವು. ಫೋಟೋ ನೋಡಿ ಆರಿಸಿದವಳು ನಾನೇ. ಕಿಟಕಿ ತೆರೆದರೆ ನಾಲ್ಕು ತೆಂಗಿನ ಮರ, ಅದರಾಚೆ ಮರಳು, ಅದರಾಚೆ ನೀರು. ಮರಳಿನ ಮೇಲೆ ಬಲೆ ಹಾಸಿ ಬೆಳ್ಳಗೆ ಏನನ್ನೋ ಹರವಿದ್ದರು. ಎಷ್ಟು ಚೆನ್ನಾಗಿ ಸಂಡಿಗೆ ಇಟ್ಟಿದ್ದಾರೆ ನೋಡಿ ಎಂದೆ. ಕೆಳಗಿನ ಮನೆಯೊಡತಿ ಚಾವಿ ಕೊಡುತ್ತಾ ನಮ್ಮ ಹಣೆಯ ವಿಭೂತಿಯನ್ನು ನೋಡಿ ಅನುಮಾನದಿಂದ ಕೇಳಿದರು: "ಹ್ವಾಯ್, ನಿಮ್ಗ್ ಒಣ್ಮೀನಿನ್ ವಾಸ್ನಿ ಆತ್ತಾ?"

ಒಣಮೀನಿನ ವಾಸನೆ ನಿಮಗೆ ಆಗುತ್ತದೆಯೇ, ತಡೆದುಕೊಳ್ಳುತ್ತೀರಾ ಎಂದು. ನನಗೇನೋ ಯಾವ ವಾಸನೆಯೂ ಇಲ್ಲ, ಇವರ ಗತಿ?

"ರೀ, ಅದು ಮೀನಂತೆ. ವಾಸನೆ ಬರ್ತಿದೆಯಾ? ಬರ್ತಿದ್ರೆ ಹೇಳ್ಬಿಡಿ, ಈಗ್ಲೇ ಬೇರೆ ಮನೆ ನೋಡೋಣ."

ಅವರು ಕಿಟಕಿಯ ಹತ್ತಿರ ಹೋದರು. ಉತ್ತರಪತ್ರಿಕೆ ನೋಡುವಾಗಿನ ಮುಖ ಮಾಡಿಕೊಂಡು ಎರಡು ಸಲ ಉಸಿರೆಳೆದರು. "ಏನೂ ಇಲ್ಲ ಕಣೇ. ಗಾಳಿ ಆ ಕಡೆ ಹೋಗುತ್ತೆ" ಅಂದರು. ಅರ್ಧ ಮಾರ್ಕು ಬಿಟ್ಟುಕೊಡದ ಮನುಷ್ಯ ಹೇಳಿದ ಮೇಲೆ ಮುಗಿಯಿತು. ಸಾಮಾನು ಬಿಚ್ಚಿದೆ. ಆಮೇಲೂ ದಿನಕ್ಕೊಮ್ಮೆ ಕೇಳುತ್ತಿದ್ದೆ, ಅದೇ ಉತ್ತರ.

ಆ ಮನೆ ನನಗೆ ಹಿಡಿಸಿತು. ಮೂಡಲಪಾಳ್ಯದಲ್ಲಿ ಮೂಗು ಹೋದಂದಿನಿಂದ ಗ್ಯಾಸ್ ಸೋರಿದರೆ ಗೊತ್ತಾಗುವುದಿಲ್ಲವಲ್ಲ ಎಂಬ ಭಯಕ್ಕೆ ನನಗೆ ನಿದ್ದೆಯೇ ಇರಲಿಲ್ಲ. ಇಲ್ಲಿ ಅಲೆಯ ಸದ್ದು ಕೇಳುತ್ತಾ ದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಏಳುತ್ತಿದ್ದೆ. ಸಮುದ್ರದ ಬದಿಯ ಸಂಸಾರದಲ್ಲಿ ಒಣಗುವುದು ಅಂತ ಒಂದು ಇರುವುದಿಲ್ಲ ಎಂದು ಅಲ್ಲಿ ಕಲಿತೆ. ಉಪ್ಪು ನೀರಾಗುತ್ತದೆ, ಹಪ್ಪಳ ಬಟ್ಟೆಯ ಹಾಗೆ ಮಡಚುತ್ತದೆ, ವಿಭೂತಿ ಗಟ್ಟಿಯೂ ಬೆವರುತ್ತದೆ. ಸಂಜೆ ಮರಳಿನ ಮೇಲೆ ವಾಕಿಂಗ್. ಇವರು ಪ್ಯಾಂಟನ್ನು ಅಳತೆ ಮಾಡಿದಂತೆ ಎರಡೂ ಕಾಲಿಗೆ ಸಮನಾಗಿ ಮಡಚಿ, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು, ಅಲೆ ಬಂದಾಗಲೆಲ್ಲ ಮೂರು ಹೆಜ್ಜೆ ಹಿಂದೆ ಹೋಗುತ್ತಿದ್ದರು. ನಲವತ್ತು ದಿನದಲ್ಲಿ ಅವರ ಮಂಡಿ ಒಂದು ಸಲವೂ ನೆನೆಯಲಿಲ್ಲ. ನಾನು ದಿನವೂ ಸೀರೆ ನೆನೆಸಿಕೊಂಡು ಬೈಸಿಕೊಳ್ಳುತ್ತಿದ್ದೆ. ಬಲೆ ಬಿಡಿಸುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು, ನಾವೂ ನಗುತ್ತಿದ್ದೆವು.

ದಿನವೂ ಬೆಳಗ್ಗೆ ಪೂಜೆ ಆದ ಮೇಲೆ ಪರೀಕ್ಷೆ. ನಾನು ಕಣ್ಣು ಮುಚ್ಚಿ ಕೂರಬೇಕು. ಇವರು ನಾಲ್ಕು ಸೀಸೆಗಳಲ್ಲಿ ಒಂದನ್ನು ತೆರೆದು ಮೂಗಿನ ಹತ್ತಿರ ಹಿಡಿಯುತ್ತಾರೆ.

"ನಿಂಬೆ."

"ತಪ್ಪು."

"ಲವಂಗ."

"ಸರಿ. ಆದ್ರೆ ವಾಸನೆ ಬಂತಾ, ಊಹೆಯಾ?"

"ಊಹೆ."

"ಹಾಗಾದ್ರೆ ಸೊನ್ನೆ."

ಇದು ಒಂದು ದಿನದ್ದಲ್ಲ, ಪ್ರತಿ ದಿನದ್ದು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಒಂದು ದಿನ ಸೀಸೆಯನ್ನು ಕಿತ್ತುಕೊಂಡು ಕೂಗಿದೆ: "ಹೆಂಡ್ತಿ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಒಂದು ದಿನ ಸರಿ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ತಪ್ಪನ್ನ ಸರಿ ಅಂದ್ರೆ ನಿನ್ನ ಮೂಗು ವಾಪಸ್ ಬರುತ್ತೇನೇ?" ಅಂದರು, ತಣ್ಣಗೆ. ಇಂಥ ಕಲ್ಲುಮನಸ್ಸಿನವರನ್ನು ಕಟ್ಟಿಕೊಂಡೆನಲ್ಲ ಎಂದು ಅಡುಗೆಮನೆಗೆ ಹೋಗಿ ಅತ್ತೆ. ಯುಗಾದಿ ಹತ್ತಿರ ಬರುತ್ತಿತ್ತು. ಆ ಸ್ಟೂಲು ಇನ್ನು ನನ್ನದಲ್ಲ ಎಂದು ಒಳಗೊಳಗೇ ಗೊತ್ತಾಗತೊಡಗಿತ್ತು. ಕೆಲಸ ಹೋದರೆ ಹೋಗಲಿ, ಮೂಗಿಲ್ಲದ ನಾನು ಯಾರು ಎಂದು ನನಗೇ ತಿಳಿಯುತ್ತಿರಲಿಲ್ಲ.

ಅವರಲ್ಲೂ ಕೆಲವು ಹೊಸ ಅಭ್ಯಾಸಗಳು ಶುರುವಾಗಿದ್ದವು. ಸದಾ ಕೈಯಲ್ಲಿ ಕರವಸ್ತ್ರ, ಅದರ ತುದಿಗೆ ಪಚ್ಚ ಕರ್ಪೂರ ಕಟ್ಟಿದ ಗಂಟು. ಕೇಳಿದರೆ ಸಮುದ್ರದ ಗಾಳಿಗೆ ನೆಗಡಿ ಅನ್ನುತ್ತಿದ್ದರು. ಊಟಕ್ಕೆ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಬಿಸಿಲು ಕಣ್ಣಿಗೆ ಚುಚ್ಚುತ್ತದಂತೆ. ಎರಡು ತುತ್ತು ಅನ್ನ ತಿಂದು ಏಳುತ್ತಿದ್ದರು, ವಯಸ್ಸಾಯಿತಂತೆ. ಕುತ್ತಿಗೆಯ ಮೂಳೆ ಕಾಣಿಸತೊಡಗಿತ್ತು. ನಾನು ಅದನ್ನೂ ನನ್ನ ಮೇಲೇ ಎಳೆದುಕೊಂಡೆ. "ಸಾರು ಹಳಸಿದ್ರೆ ಬಾಯಿಬಿಟ್ಟು ಹೇಳಿ, ನನಗೆ ಗೊತ್ತಾಗಲ್ಲ. ಹೀಗೆ ತಟ್ಟೆಯಲ್ಲಿ ಬಿಟ್ಟು ಅವಮಾನ ಮಾಡ್ಬೇಡಿ" ಎಂದೆ. ಪಾಪ, ಆ ದಿನ ಅವರು ಮೂರನೇ ಸಲ ಬಡಿಸಿಕೊಂಡು ತಿಂದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಮಾರ್ಚ್ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಅವರಿಗೆ ಸಾರನ್ನ ಬಡಿಸಿ, ಇನ್ನಷ್ಟು ಸಾರು ಹಾಕಲು ಬಗ್ಗಿದ್ದೆ. ಏನೋ ಮೂಗಿಗೆ ಬಡಿಯಿತು. ತೆಳ್ಳಗೆ ಬಂತು, ಹೋಯಿತು. ಬಚ್ಚಲ ಮೋರಿ ಕಟ್ಟಿಕೊಂಡಿರಬೇಕು ಎಂದುಕೊಂಡೆ. ಎರಡನೇ ಸಲ ಬಂದಾಗ ಸೆರಗನ್ನು ಮೂಗಿಗೆ ಒತ್ತಿಕೊಂಡೆ. "ಥೂ, ಏನ್ರೀ ಇದು ಗಬ್ಬು ನಾತ!" ಎಂದೆ. ಅಂದ ಮೇಲೆ, ಏನೆಂದೆ ಎಂದು ನನಗೇ ಕೇಳಿಸಿತು. ಸೌಟು ಕೈಯಲ್ಲೇ ನಿಂತಿತು.

"ಯಾವ ನಾತ? ಏನೂ ಇಲ್ವಲ್ಲ ಕಣೇ" ಅಂದರು ಅವರು, ತಲೆ ಎತ್ತದೆ. ನಲವತ್ತು ದಿನದ ಅಭ್ಯಾಸ, ಬಾಯಿ ತಾನಾಗಿಯೇ ಆಡಿತು. "ಗಾಳಿ ಆ ಕಡೆ..."

"ಮೀನು" ಎಂದೆ. "ರೀ, ಮೀನಿನ ವಾಸನೆ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. ಎಂಜಲು ಕೈಯಲ್ಲೇ ಎದ್ದು ಹೋಗಿ ನಾಲ್ಕು ಸೀಸೆಗಳನ್ನೂ ತಂದರು. "ಕಣ್ಣು ಮುಚ್ಚು" ಅಂದರು. ಮುಚ್ಚಿದೆ. ಮೂಗಿನ ಹತ್ತಿರ ಏನನ್ನೋ ಹಿಡಿದರು. ದೂರದ ಮನೆಯಲ್ಲಿ ಯಾರೋ ಪಲಾವಿಗೆ ಇಟ್ಟ ಹಾಗೆ ಒಂದು ಎಳೆ ಬಂತು.

"ಲವಂಗ."

"ವಾಸನೆ ಬಂತಾ, ಊಹೆಯಾ?"

"ವಾಸನೆ."

"ಸರಿ" ಅಂದರು. ಮತ್ತೆ "ಸರಿ" ಅಂದರು. ನಾನು ಕಣ್ಣು ಬಿಟ್ಟು ನೋಡಿದರೆ ಲೆಕ್ಕದ ಮೇಷ್ಟ್ರು ಮುಖಕ್ಕೆ ಕರವಸ್ತ್ರ ಒತ್ತಿಕೊಂಡು ಅಳುತ್ತಿದ್ದರು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮೈಯಿಂದ ಒಂದು ಮೂಟೆ ಇಳಿಸಿದ ಹಾಗಾಯಿತು. ಹುಟ್ಟಾ ಸಸ್ಯಾಹಾರಿಯಾದ ನಾನು ಒಣಮೀನಿನ ವಾಸನೆಯನ್ನು ಎದೆ ತುಂಬ ಎಳೆದುಕೊಂಡು, ವಾಕರಿಸಿಕೊಂಡು, ನಗುತ್ತಾ ನಿಂತಿದ್ದೆ.

ಆಗ ಕಿಟಕಿಯ ಪರದೆ ಕಣ್ಣಿಗೆ ಬಿತ್ತು. ಸಮುದ್ರದ ಕಡೆಯ ಗಾಳಿಗೆ ಅದು ಬುಸ್ಸೆಂದು ಉಬ್ಬಿ ಮನೆಯ ಒಳಗೆ ಬರುತ್ತಿತ್ತು. ನಲವತ್ತು ದಿನವೂ ಹೀಗೇ ಬಂದು ನನ್ನ ಮುಖಕ್ಕೆ ಬಡಿದಿತ್ತು, ನಾನೇ ಅದನ್ನು ಎಷ್ಟೋ ಸಲ ಗಂಟು ಹಾಕಿದ್ದೆ. ಗಾಳಿ ಆ ಕಡೆ ಎಲ್ಲಿ ಹೋಗುತ್ತಿತ್ತು? ಮೂಗು ಹೋದರೆ ಕಣ್ಣೂ ಹೋಗಬೇಕೇ?

"ಇಷ್ಟು ದಿನ ಈ ವಾಸನೆಯಲ್ಲಿ ಕೂತು ಹೇಗ್ರೀ ಅನ್ನ ತಿಂದ್ರಿ?" ಎಂದು ಕೇಳಿದೆ. ಧ್ವನಿ ಜೋರಾಗಿಯೇ ಬಂತು. "ನನಗೆ ಒಂದು ದಿನ ಸುಳ್ಳು ಮಾರ್ಕ್ಸ್ ಕೊಡ್ಲಿಲ್ಲ. ಇದೊಂದು ಸುಳ್ಳನ್ನ ಮಾತ್ರ ದಿನಾ ಹೇಳಿದ್ರಲ್ಲ!"

ಅವರು ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕರವಸ್ತ್ರದ ಗಂಟನ್ನು ತಿರುಚುತ್ತಿದ್ದರು. "ಬಂದ ಮೊದಲನೇ ದಿನ ನೀನು ಬೆಳಗಾಗೋ ತನಕ ನಿದ್ದೆ ಮಾಡ್ದೆ ಕಣೇ. ಎರಡು ತಿಂಗಳಾಗಿತ್ತು ಹಾಗೆ ಮಲಗಿ. ವಾಸನೆ ಅಂದಿದ್ರೆ ನೀನು ಅವತ್ತೇ ಮನೆ ಖಾಲಿ ಮಾಡಿಸ್ತಿದ್ದೆ" ಅಂದರು.

ಕಲ್ಲುಮನಸ್ಸಿನವರು ಎಂದು ಅತ್ತಿದ್ದೆನಲ್ಲ, ಆ ಅಡುಗೆಮನೆಯ ಕಡೆ ನೋಡಲೂ ನಾಚಿಕೆಯಾಯಿತು. ಅವರ ಕೈ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ, ಸಾರನ್ನದ ಕೈಯೆಂದೂ ನೋಡಲಿಲ್ಲ. ಅಂಗೈಯಲ್ಲಿ ಸಾರಿನ ಇಂಗು ಚೂರು ಚೂರು ಬರುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಟ್ಟೆಯ ಚೀಲ ಎಳೆದುಕೊಂಡೆ. "ನಡೀರಿ, ಇವತ್ತೇ ಊರಿಗೆ ಹೋಗೋಣ" ಎಂದೆ.

"ಇನ್ನೊಂದು ವಾರ ಇರೋಣ ಕಣೇ" ಅಂದರು. "ನಾಲ್ಕು ಸೀಸೆಯಲ್ಲಿ ನೀನು ಪಾಸಾಗಿರೋದು ಒಂದ್ರಲ್ಲಿ. ಇಲ್ಲಿ ಮೂಸೋಕೆ ಬೇಕಾದಷ್ಟಿದೆ."

"ಮತ್ತೆ ನೀವು?"

ಅವರು ಕೈ ತೊಳೆದುಕೊಂಡು ಕರವಸ್ತ್ರವನ್ನು ಮಡಚಿ ಮೇಜಿನ ಮೇಲಿಟ್ಟು, ಕಿಟಕಿಯ ಹತ್ತಿರ ಹೋದರು. ಪರದೆಯನ್ನು ಪೂರ್ತಿ ಸರಿಸಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಮೂಗು ತುಂಬ ಉಸಿರೆಳೆದರು. ಆಮೇಲೆ, ಇಷ್ಟು ವರ್ಷದ ಸಂಸಾರದಲ್ಲಿ ನಾನು ಒಮ್ಮೆಯೂ ಕೇಳಿರದ ದೊಡ್ಡ ಧ್ವನಿಯಲ್ಲಿ, ಕೆಳಗೆ ಅಂಗಳದಲ್ಲಿದ್ದ ಮನೆಯೊಡತಿ ತಲೆ ಎತ್ತಿ ನೋಡುವ ಹಾಗೆ, ಸಮುದ್ರಕ್ಕೇ ಹೇಳಿದರು:

"ಥೂ! ಏನ್ ಗಬ್ಬು ನಾತ ಕಣೇ ಇದು!"

ಹೇಳಿ, ನನ್ನ ಕಡೆ ತಿರುಗಿ ನಕ್ಕರು. ಆಮೇಲೆ ಬಂದು ತಟ್ಟೆಯ ಮುಂದೆ ಕೂತು, ಇನ್ನೊಂದು ಸೌಟು ಸಾರು ಹಾಕು ಅಂದರು.