ಹೊಳೆಮತ್ತಿ ಕಾಯಿಯ ಆಟ

ನಮ್ಮ ಕಾಲದಲ್ಲಿ ಹೊಳೆ ಹೀಗಿರಲಿಲ್ಲ ಎಂದು ಮಾತು ಶುರು ಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಈಗ ನಾನೇ ಹಾಗೆ ಶುರು ಮಾಡಬೇಕಾಗಿದೆ. ಆಗ ಬೇಸಿಗೆ ರಜೆ ಬಂತೆಂದರೆ ಅಪ್ಪ ನನ್ನನ್ನೂ ಸುಧಕ್ಕನನ್ನೂ ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿಸುತ್ತಿದ್ದರು. ಅಲ್ಲಿ ಶಿವಣ್ಣ ಮಾವ ಸೈಕಲ್ ಹಿಡಿದು ಕಾಯುತ್ತಿದ್ದ. ಮುಂದಿನ ಬಾರಿನ ಮೇಲೆ ನಾನು, ಕ್ಯಾರಿಯರಿನ ಮೇಲೆ ಅಕ್ಕ. ಕಾವೇರಿ ದಂಡೆಯ ಅಜ್ಜಿ ಊರಿಗೆ ಹೋಗುವಷ್ಟರಲ್ಲಿ ನನ್ನ ತೊಡೆ ಜೋಮು ಹಿಡಿದಿರುತ್ತಿತ್ತು. ಇಷ್ಟು ಖಚಿತ. ನಾನು ದಿನಚರಿ ಬರೆಯಲು ತೊಡಗಿದ್ದು ಕಾಲೇಜಿಗೆ ಬಂದ ಮೇಲೆ. ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಆಧಾರ, ಅದೇನೂ ಒಳ್ಳೆಯ ಆಧಾರವಲ್ಲ.

ಅಂಥ ಒಂದು ರಜೆಯನ್ನು ನೆನೆಯಲೇಬೇಕಾದ ಪ್ರಸಂಗ ಮೊನ್ನೆ ಬೇಸಿಗೆಯಲ್ಲಿ ಬಂತು. ಮಾವನ ಮೊಮ್ಮಗಳ ನಾಮಕರಣಕ್ಕೆ ಅಕ್ಕನೂ ನಾನೂ ಹೋಗಿದ್ದೆವು. ಮಾವನ ಬಾಳೆ ತೋಟದ ತುದಿ, ಹೊಳೆಗೆ ಅಂಟಿದ ಪಟ್ಟಿ, ಪ್ರತಿ ಪ್ರವಾಹಕ್ಕೂ ಒಂದಿಷ್ಟು ಕುಸಿಯುತ್ತಿದೆ. ಹೊಳೆದಂಡೆಯಲ್ಲಿ ಮೊದಲು ಇದ್ದ ಮರಗಳನ್ನೇ ಮತ್ತೆ ನೆಟ್ಟು, ಅಪರೂಪವಾಗಿರುವ ನೀರುನಾಯಿಗಳಿಗೆ ನೆಲೆ ಮಾಡಿಕೊಡುವ ಕೆಲಸ ಹಿಡಿದಿರುವ ದೀಪಾ ಎಂಬ ಮೈಸೂರಿನ ಹುಡುಗಿ ಆ ಪಟ್ಟಿಯನ್ನು ಕೇಳಲು ಅವತ್ತೇ ಬಂದಿದ್ದಳು. ಮಾವ ಒಪ್ಪಿದ್ದ, ಆದರೆ ತೆಂಗು, ಸಿಲ್ವರ್ ಓಕ್ ನೆಟ್ಟರೆ ಮಾತ್ರ.

"ಅಲ್ಲಿ ಯಾವ್ ಮರಾನೂ ಇರ್ಲಿಲ್ಲ ಕಣಮ್ಮ. ಬರೀ ಮುಳ್ಳು. ನೆಟ್ರೆ ಉಪಯೋಗಕ್ಕೆ ಬರೋದ ನೆಡಿ."

"ಮರ ಇದ್ದಿದ್ದು ನೋಡಿರೋರು ಯಾರಾದ್ರೂ ಇದ್ದಾರಾ?" ಎಂದಳು ದೀಪಾ.

ಮಾವ ನಗುತ್ತ ನನ್ನ ಕಡೆ ಕೈ ತೋರಿಸಿದ. "ನಮ್ ಅಳಿಯನ್ನ ಕೇಳಿ, ಎಂಎ ಓದವ್ನೆ. ಅವ್ನು ಇತ್ತು ಅಂದ್ರೆ ಇತ್ತು. ನೀವೇಳಿದ್ದೇ ಆಕ್ಬುಡನ."

ಊಟವಾದ ಮೇಲೆ ನಾಲ್ವರೂ ದಂಡೆಗೆ ಹೋದೆವು. ಕೆಂಪು ಮಣ್ಣು ಗೋಡೆಯ ಹಾಗೆ ಕಡಿದು ನಿಂತಿತ್ತು. ನನ್ನ ತಲೆಯೊಳಗೆ ಅಲ್ಲಿ ದಟ್ಟ ನೆರಳಿದೆ. ಆದರೆ ಆ ನೆರಳು ಈ ದಂಡೆಯದೋ, ಆಮೇಲೆ ಎಲ್ಲೋ ನೋಡಿದ ಬೇರೆ ಹೊಳೆಯದೋ?

"ಹೊಳೆಮತ್ತಿ ಇತ್ತು ಅನ್ಸುತ್ತೆ," ಎಂದೆ.

"ಅನ್ಸುತ್ತೆ ಅಂದ್ರೆ ಎಂಗ್ಲಾ? ಕಾಲೇಜಲ್ಲೂ ಇಂಗೇ ಪಾಠ ಮಾಡ್ತಿಯಾ?"

ದೀಪಾಳ ಮುಖ ಸಪ್ಪಗಾಯಿತು. ಆಗ ಅಕ್ಕ, "ಅವನನ್ನ ಮರ ಕೇಳ್ಬೇಡಮ್ಮ, ಅವನಿಗೆ ಇವತ್ತಿಗೂ ಬೇವು ಯಾವ್ದು, ಹೆಬ್ಬೇವು ಯಾವ್ದು ಗೊತ್ತಿಲ್ಲ. ಇಲ್ಲಿ ಏನಿಟ್ಕೊಂಡು ಆಟ ಆಡ್ತಿದ್ವಿ ಅಂತ ಕೇಳು," ಎಂದಳು. ನನ್ನ ಕಡೆ ತಿರುಗಿ, "ಅಣ್ಣೆಕಲ್ಲಿಗೆ ಏನು ತಗೊತಿದ್ವೋ?"

ಕೇಳಿದ್ದೇ ತಡ, ಉತ್ತರ ತಲೆಗಿಂತ ಮೊದಲು ಕೈಗೆ ಬಂತು. ಐದು ಏಣಿನ ಒಣ ಕಾಯಿ. ಮೇಲೆ ತೂರಿ ಮುಂಗೈ ಮೇಲೆ ಹಿಡಿದರೆ ಏಣು ಚುಚ್ಚುತ್ತಿತ್ತು. ಕಲ್ಲಿನ ಹಾಗೆ ಉರುಳಿ ಹೋಗುತ್ತಿರಲಿಲ್ಲ, ಅದಕ್ಕೇ ಅಕ್ಕನಿಗೆ ಕಲ್ಲಿಗಿಂತ ಅದು ಇಷ್ಟ. ಅಡುಗೆ ಆಟಕ್ಕೆ ಉದುರಿದ ಹೊಂಗೆ ಹೂವೇ ಕಡ್ಲೆಪುರಿ. ಅತ್ತಿ ಹಣ್ಣನ್ನು ಸೀಳಿ, ಊದಿ, ಹುಳ ಹಾರಿಸಿ ತಿನ್ನುತ್ತಿದ್ದೆವು. ದೋಣಿ ಬಿಡಲು ಒಂದು ಉದ್ದನೆಯ ಎಲೆ ಇತ್ತು, ಮಗುಚಿದರೆ ಬೆಳ್ಳಗೆ. ಅದರ ಹೆಸರು ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ನೀರವಂಜಿ," ಎಂದಳು ದೀಪಾ. "ಐದು ಏಣಿನ ಕಾಯಿ ಹೊಳೆಮತ್ತೀದೇ."

ಮಾವ ಬಾಳೆಯ ಒಣಗರಿಯನ್ನು ಎಳೆದು ಎಳೆದು ಕೀಳುತ್ತಿದ್ದ.

"ಆ ಬಂಡೆ ಮೇಲೆ ಮೀನಿನ ನಾತ," ಎಂದಳು ಅಕ್ಕ. ಅಲ್ಲಿಗೆ ಆ ರಜೆ ಪೂರ್ತಿ ಎದ್ದು ಬಂತು.

ದೊಡ್ಡ ಹೊಳೆಮತ್ತಿಯ ಬೇರಿನ ಕೆಳಗೆ, ನೀರಿನ ಅಂಚಿಗೆ ಒಂದು ಪೊಟರೆ. ಅದರಲ್ಲಿ ನೀರುನಾಯಿ ಮರಿ ಹಾಕಿತ್ತು. ಪಕ್ಕದ ಬಂಡೆಯ ಮೇಲೆ ಅವುಗಳ ಹಿಕ್ಕೆ, ಅದರ ತುಂಬ ಮೀನಿನ ಪೊರೆ. ಬೆಳಿಗ್ಗೆ ಉಸಿರು ಬಿಗಿಹಿಡಿದು ಕೂತರೆ ಕಾಣುತ್ತಿದ್ದವು. ಸಿಳ್ಳೆ ಹಾಕಿಕೊಂಡು ಬಂದು, ಮೀನನ್ನು ಎರಡು ಕೈಯಲ್ಲಿ ಹಿಡಿದು, ಕಬ್ಬು ಸಿಗಿದಂತೆ ತಲೆಯ ಕಡೆಯಿಂದ ತಿನ್ನುತ್ತಿದ್ದವು. ಮಾವನ ಬಲೆಯನ್ನೂ ಹರಿಯುತ್ತಿದ್ದವು. ಮೂರನೆಯ ಸಲ ಬಲೆ ಹರಿದಾಗ ಮಾವ ಅದನ್ನು ಹಟ್ಟಿ ಮುಂದೆ ಎಸೆದು, ದಂಡೆ ಪೂರ್ತಿ ಕಡಿದು, ಸುಟ್ಟು, ನೀರಿನವರೆಗೂ ಬಾಳೆ ಹಾಕುತ್ತೇನೆ ಎಂದ.

ಅಜ್ಜಿ ಉಪ್ಸಾರಿಗೆ ಖಾರ ಅರೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಮರಿ ಅವೆ ಕಣ್ಲಾ ಶಿವ. ಅವು ಎದ್ದು ಈಚೆಗೆ ಬರೋಗಂಟ ತಡ್ಕೊ."

"ನನ್ ಬಲೆ ಅರಿಯಕೆ ಅವು ತಡ್ಕಂಡವಾ?"

ಅಕ್ಕ ಅವತ್ತಿನಿಂದ ಮಾವ ತಂದ ಮೀನು ಮುಟ್ಟಲಿಲ್ಲ. ಮಾವಿನಕಾಯಿ ಹಾಕಿದ ಮೀನು ಸಾರಿನ ಘಮ ಹಟ್ಟಿಯೆಲ್ಲ ತುಂಬಿದ್ದರೂ ಮುದ್ದೆಗೆ ಉಪ್ಸಾರೇ ಬೇಕೆಂದು ಕೂತಳು. "ಇವ್ಳು ನೀರ್ನಾಯಿ ಕಡೆಯೋಳು, ಇವ್ಳ ಪಾಲೂ ನಂಗೇ ಬುಡವ್ವ," ಎಂದು ಮಾವ ಎರಡು ಪಾಲು ಉಂಡ. ನಾನು ಮೀನು ತಿಂದೆನೋ ಇಲ್ಲವೋ ನೆನಪಿಲ್ಲ. ತಿಂದಿರಬೇಕು.

ಆಮೇಲಿನದನ್ನು ನಾನು ಹೀಗೆ ಹೇಳಿದೆ: ಮಾವ ತಡೆದ. ಒಂದು ಬೆಳಿಗ್ಗೆ ತಾಯಿ ಒಂದೊಂದೇ ಮರಿಯ ಕುತ್ತಿಗೆ ಕಚ್ಚಿಕೊಂಡು ಆಚೆ ದಡಕ್ಕೆ ಈಜಿತು. ನಾನು ಬಂಡೆಯ ಮೇಲಿಂದ ನೋಡಿದೆ. ಅದಾದ ಮೇಲೆಯೇ ಬೆಂಕಿ ಹಾಕಿದ್ದು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ನೀನೆಲ್ಲಿ ನೋಡಿದೆಯೋ? ಆಗ ನಾವು ನಂಜನಗೂಡಿಗೆ ವಾಪಸ್ ಹೋಗಾಗಿತ್ತು. ಮುಂದಿನ ರಜೇಲಿ ಬಂದಾಗ ಇಲ್ಲಿ ಬರೀ ಬಾಳೆ ಇತ್ತು. ನಾನು ಅತ್ತಿದ್ದಕ್ಕೆ ಅಜ್ಜಿ, ಅವು ದಾಟ್ಕಂಡು ಓದೊ ಕಣವ್ವ ಅಂದ್ಳು. ನೀನು ಅಲ್ಲೇ ಇದ್ದೆ."

ಅವಳು ಹೇಳಿದ್ದು ಸರಿ ಎನ್ನುವುದಕ್ಕೂ ನನ್ನಲ್ಲಿ ಆಧಾರವಿಲ್ಲ, ತಪ್ಪು ಎನ್ನುವುದಕ್ಕೂ ಇಲ್ಲ. ಆದರೆ ಆ ಹೊಳೆ ದಾಟುವ ತಾಯಿ ನನ್ನ ಕಣ್ಣಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ, ನೀರಿನ ಮೇಲಿನ ಗೆರೆ ಸಹ ಕಾಣುತ್ತದೆ.

ಇದನ್ನು ಬಲ್ಲವನು ಒಬ್ಬನೇ. ಅಕ್ಕ ಕೇಳಿಯೇಬಿಟ್ಟಳು. "ಮಾವ, ದಾಟಿದ್ವಾ?"

ಮಾವ ಕಡಿದು ನಿಂತ ದಂಡೆಯ ಅಂಚಿಗೆ ಹೋಗಿ ಕೆಳಗೆ ನೋಡಿದ. ಆಮೇಲೆ ದೀಪಾಳನ್ನು ಕೇಳಿದ.

"ಬೇರ್ ಕೆಳಗೆ ಪೊಟರೆ ಆಯ್ತದಲ್ಲ, ಆ ಮರ ಯಾವ್ದಮ್ಮ? ಹೊಳೆಮತ್ತಿ ಅಂದ್ರಲ್ಲ, ಅದೇಯಾ?"

"ಹೂಂ, ಅದೇ."

"ಅದ್ನೇ ಜಾಸ್ತಿ ಆಕಿ. ನೀರ್ ಪಕ್ಕಕ್ಕೇ ಆಕಿ."

"ತೆಂಗು?"

"ತೆಂಗು ಬ್ಯಾಡ."

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮಾವ ಹಟ್ಟಿ ಕಡೆ ನಡೆದ. ಅಕ್ಕ ಮತ್ತೆ ಕೇಳಲಿಲ್ಲ.

ಮುಂಗಾರು ಹಿಡಿದ ಮೇಲೆ ಸಸಿ ನೆಟ್ಟರು. ಹೋಗಿ ನೋಡಿಬಂದೆ. ಮಂಡಿಯೆತ್ತರ ಇವೆ. ಹೊಳೆಯ ಮೇಲಿನ ತಿರುವಿನಲ್ಲಿ, ಮರಳಿನ ಮೇಲೆ ನೀರುನಾಯಿಯ ಹೆಜ್ಜೆ ಕಂಡಿದ್ದೇನೆ ಎಂದಳು ದೀಪಾ. ಈ ಬೇರಿನ ಕೆಳಗೆ ಮರಿ ಹಾಕುವಷ್ಟು ಪೊಟರೆಯಾಗಲು ನಮ್ಮ ಆಯಸ್ಸು ಸಾಲದು ಎಂದೂ ಅವಳೇ ಹೇಳಿದಳು.

ಸಾಲದಿದ್ದರೂ ಅವು ಬೆಳೆಯುತ್ತವೆ. ನೆರಳು, ಕಾಯಿ, ಬಂಡೆಯ ಮೇಲಿನ ನಾತ ಕೂಡ ಯಾರಿಗೋ ಮರಳಿ ಸಿಗಬಹುದು. ನನ್ನ ಮಟ್ಟಿಗೆ ಹೋದದ್ದು ಬೇರೆ. ಮರಿ ಕಚ್ಚಿಕೊಂಡು ಹೊಳೆ ದಾಟುವ ಒಂದು ತಾಯಿ ಇಷ್ಟು ವರ್ಷ ನನ್ನ ಬಳಿ ಇತ್ತು. ಈಗ ಕಣ್ಣು ಮುಚ್ಚಿದರೆ ಅದು ನಡುನೀರಿನವರೆಗೂ ಬರುತ್ತದೆ, ಅಲ್ಲಿಂದ ಮುಂದೆ ಕಾಣುವುದಿಲ್ಲ.