ದಡಕ್ಕೆ ಬೆನ್ನು

ನಮ್ಮ ಕಂಪ್ಲಿಯ ಹುಲುಗಪ್ಪ ದೋಣಿ ಪಂದ್ಯದಲ್ಲಿ ದೇಶಕ್ಕೇ ಚಾಂಪಿಯನ್. ಆ ಪಂದ್ಯದಲ್ಲಿ ಗುರಿಗೆ ಬೆನ್ನು ಮಾಡಿ ಕೂತೇ ಹುಟ್ಟು ಹಾಕಬೇಕು. ಆ ಚಟ ನೆಲದ ಮೇಲೂ ಬಿಡಲಿಲ್ಲ. ಹೊಸಪೇಟೆ ಬಸ್ಸಿನಲ್ಲಿ ಡ್ರೈವರಿಗೆ ಬೆನ್ನು, ಮಿರ್ಚಿ ಅಂಗಡಿಯಲ್ಲಿ ಬಾಣಲೆಗೆ ಬೆನ್ನು, ತನ್ನ ಮದುವೆ ಫೋಟೊದಲ್ಲೂ ಅರ್ಧ ಬೆನ್ನು. ‘ಹಿಂದ ಬಿದ್ದವ್ರು ಕಾಣ್ತಿರಬೇಕ್ರಿ’ ಅಂತಿದ್ದ. ಈಗ ಪಂದ್ಯ ಬಿಟ್ಟು ಹಂಪಿಯಲ್ಲಿ ಹರಿಗೋಲು ನಡೆಸುತ್ತಾನೆ. ಪ್ರವಾಸಿಗರು ಫೋಟೊಗೆಂದು ಮೊಬೈಲು ತೆಗೆಯುವುದರೊಳಗೆ ಆಚೆ ದಡ ಮುಟ್ಟಿಸಿರುತ್ತಾನೆ. ಆದರೆ ಹರಿಗೋಲಿನಲ್ಲಿ ಮುಂದೆ ನೋಡಿಕೊಂಡೇ ಹುಟ್ಟು ಹಾಕಬೇಕು. ಮೊದಲ ದಿನ ಬುತ್ತಿ ಹಿಡಿದು ಆಚೆ ದಡದಲ್ಲಿ ನಿಂತಿದ್ದ ಅವನ ಅವ್ವ ಎರ್ರೆಮ್ಮ ಕಣ್ಣೊರೆಸಿಕೊಂಡಳು: ‘ಯಾವ ಪಂದ್ಯಕ್ಕ ಬಂದ್ರೂ ಬರೇ ಬೆನ್ನು ಕಾಣ್ತಿತ್ತು, ಮಗಗ ಉಸಿರೈತೋ ಇಲ್ಲೋ ಅಂತ ಎದಿ ಹೊಡ್ಕೋತಿತ್ತು. ಇವತ್ತ ನಿನ್ನ ಮಾರಿ ನೋಡಿದೆ, ಸಾಕಪ್ಪ.’